ಅಲಗು ಮತ್ತು ಹಿಡಿ

ಬೆಂಗಳೂರಿನ ಗಿರಿನಗರದ ನಮ್ಮ ಮನೆಯ ಬಚ್ಚಲಿನಲ್ಲಿ, ಕನ್ನಡಿಯ ಪಕ್ಕದ ಗೋಡೆಗೆ, ಅಂಗೈಯಗಲದ ಒಂದು ಗೂಡಿದೆ. ಮನೆ ಕಟ್ಟುವಾಗ ತಂದೆಯವರು ಗಾರೆಯವನಿಗೆ ಹೇಳಿ ಬಿಡಿಸಿದ್ದು. ಆಗ ಈ ಬಡಾವಣೆಯ ಏರುರಸ್ತೆಗಳಲ್ಲಿ ಮನೆಗಳಿಗಿಂತ ಬಂಡೆಗಳೇ ಹೆಚ್ಚಾಗಿದ್ದವು. ತಾರಸಿಯ ಮೇಲೆ ನಿಂತರೆ ಹೊಸಕೆರೆಹಳ್ಳಿಯ ಕೆರೆ ಕಾಣುತ್ತಿತ್ತು. ಕೆರೆ ಈಗ ಕಟ್ಟಡಗಳ ಹಿಂದೆ ಮರೆಯಾಗಿದೆ. ಗೂಡು ಮಾತ್ರ ಇದ್ದಲ್ಲೇ ಇದೆ, ಅದರೊಳಗೆ ತಂದೆಯವರ ರೇಜರೂ ಇದ್ದಲ್ಲೇ ಇದೆ. ಹಿತ್ತಾಳೆಯ ಮೇಲೆ ಬಿಳಿಲೋಹದ ಲೇಪ ಕೊಟ್ಟ ಸಾಧಾರಣ ವಸ್ತು ಅದು: ಮೇಲೊಂದು ಬಾಗಿದ ಮುಚ್ಚಳ, ಕೆಳಗೊಂದು ಹಲ್ಲುಹಲ್ಲಾದ ತಟ್ಟೆ, ಎರಡನ್ನೂ ಬಿಗಿಯುವ ತಿರುಪಿನ ಹಿಡಿ. ಬೆರಳು ಜಾರದಿರಲೆಂದು ಹಿಡಿಯ ಮೈತುಂಬ ಕೊರೆದ ಸಣ್ಣ ಚೌಕುಳಿಗಳು ಒಂದು ಕಡೆ ಮಾತ್ರ ಸವೆದು ನುಣುಪಾಗಿವೆ. ಅಲ್ಲಿ ಲೇಪ ಹೋಗಿ ಒಳಗಿನ ಹಳದಿ ತೋರುತ್ತದೆ. ಆ ಜಾಗದಲ್ಲಿ ನನ್ನ ಹೆಬ್ಬೆರಳನ್ನಿಟ್ಟರೆ ಸರಿಯಾಗಿ ಕೂರುವುದಿಲ್ಲ. ಅವರು ಹಿಡಿಯುತ್ತಿದ್ದ ಓರೆಯೇ ಬೇರೆ. ಅವರ ಹಸ್ತಾಕ್ಷರ ನಮ್ಮಲ್ಲಿದೆ, ಭಾವಚಿತ್ರಗಳಿವೆ. ಆದರೆ ಅವರ ಕೈಯ ಒತ್ತಡ ಉಳಿದಿರುವುದು ಈ ಒಂದು ವಸ್ತುವಿನಲ್ಲಿ ಮಾತ್ರ ಎಂದು ನನಗೆ ಬಹಳ ತಡವಾಗಿ ಹೊಳೆಯಿತು.

ಅವರನ್ನು ನಾವು ಅಣ್ಣ ಎಂದು ಕರೆಯುತ್ತಿದ್ದೆವು. ಅಣ್ಣ ದಿನ ಬಿಟ್ಟು ದಿನ ಕ್ಷೌರ ಮಾಡಿಕೊಳ್ಳುತ್ತಿದ್ದರು. ಮಂಗಳವಾರ ಬಿದ್ದರೆ ಮರುದಿನಕ್ಕೆ. ಹಂಡೆಯಿಂದ ಒಂದು ಚೊಂಬು ಬಿಸಿನೀರು, ದುಂಡನೆಯ ಸೋಪು, ಕೂದಲು ಉದುರಿ ಬಡವಾದ ಬ್ರಷ್ಷು, ಒಂದು ತುಂಡು ಪಟಿಕ. ಮೊದಲು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕೆನ್ನೆಗೊತ್ತಿ ಕೂರುವರು, ಗಡ್ಡ ಮೆತ್ತಗಾಗಲೆಂದು. ನೊರೆ ಏಳಿಸುವುದರಲ್ಲೇ ಐದು ನಿಮಿಷ. ಟೋಪಾಜ್ ಅಥವಾ ಸೆವೆನ್ ಓ ಕ್ಲಾಕ್ ಬ್ಲೇಡಿನ ಮೇಣದ ಕಾಗದವನ್ನು ಹರಿಯದೆ ಬಿಡಿಸಿ, ಅಂಚು ಮುಟ್ಟದೆ ಎರಡು ತುದಿಗಳಲ್ಲಿ ಹಿಡಿದು, ತಟ್ಟೆಯ ಮೊಳೆಗಳ ಮೇಲೆ ಕೂರಿಸುವರು. ಆಮೇಲೆ ಮನೆಯಲ್ಲಿ ಯಾರೂ ಅವರನ್ನು ಮಾತನಾಡಿಸುವಂತಿರಲಿಲ್ಲ. ಹಾಗೆಂದು ಯಾರೂ ಕಟ್ಟಪ್ಪಣೆ ಮಾಡಿರಲಿಲ್ಲ. ಬಿಗಿಹಿಡಿದ ಕೆನ್ನೆಯ ಮೇಲೆ ಅಲಗು ಇಳಿಯುವ ಆ ಕಿರಕಿರ ಸದ್ದು ತಾನಾಗಿಯೇ ಮೌನವನ್ನು ಬೇಡುತ್ತಿತ್ತು. ಆ ರೇಜರನ್ನು ಒತ್ತಬಾರದು, ಅದರ ಭಾರವೇ ಕೆಲಸ ಮಾಡಬೇಕು, ಚರ್ಮಕ್ಕೆ ಸರಿಯಾದ ಓರೆ ಸಿಕ್ಕಬೇಕು. ಓರೆ ತಪ್ಪಿದರೆ ಒಂದೋ ಕೂದಲು ಉಳಿಯುತ್ತದೆ, ಇಲ್ಲವೇ ರಕ್ತ ಬರುತ್ತದೆ. ಬಳಸುವವನಿಂದ ಅದು ಪ್ರತಿಸಲವೂ ಪೂರ್ಣ ಗಮನವನ್ನು ಕೇಳುತ್ತಿತ್ತು. ಕೇಳಿದ್ದನ್ನು ಅಣ್ಣ ಕೊಡುತ್ತಿದ್ದರು. ಲೆಕ್ಕಪತ್ರ, ಸಾಲ, ಮಕ್ಕಳ ಓದು ಎಂದು ದಿನವಿಡೀ ಹರಿದುಹೋಗುತ್ತಿದ್ದ ಅವರ ಚಿತ್ತ ಆ ಕಾಲು ಗಂಟೆ ತನ್ನ ಮುಖದ ಮೇಲೆ ಮಾತ್ರ ನಿಂತಿರುತ್ತಿತ್ತು. ಅವರು ಧ್ಯಾನ ಮಾಡಿದವರಲ್ಲ. ಮಾಡಿದ್ದರೆ ಹೀಗೆಯೇ ಕೂರುತ್ತಿದ್ದರೇನೋ.

ಬ್ಲೇಡು ಮೊಂಡಾದರೆ ಒಡನೆ ಅದರ ಆಯುಸ್ಸು ಮುಗಿಯುತ್ತಿರಲಿಲ್ಲ. ಗಾಜಿನ ಲೋಟದ ಒಳಮೈಗೆ ಅದನ್ನು ಒತ್ತಿ, ಬೆರಳಿನಿಂದ ಅತ್ತಿತ್ತ ಉಜ್ಜಿ, ಇನ್ನೆರಡು ಸಲಕ್ಕೆ ಒದಗಿಸಿಕೊಳ್ಳುತ್ತಿದ್ದರು. ಅಲ್ಲಿಗೂ ಮುಗಿದಾಗ ಅದು ಅಮ್ಮನ ಹೊಲಿಗೆಪೆಟ್ಟಿಗೆಗೆ ಬರುತ್ತಿತ್ತು, ಹಳೆಯ ರವಿಕೆಯ ಹೊಲಿಗೆ ಬಿಚ್ಚಲು. ಅಲ್ಲಿಂದ ನಮ್ಮ ಪೆನ್ಸಿಲ್ ಹೆರೆಯಲು. ಕೊನೆಗೆ ಗೂಡಿನ ಮೂಲೆಯಲ್ಲಿದ್ದ ಖಾಲಿ ಪೌಡರ್ ಡಬ್ಬಿಯ ಸೀಳಿನೊಳಗೆ ಬಿದ್ದು ಟಣ್ ಎನ್ನುತ್ತಿತ್ತು. ಬಳಕೆಯ ಈ ಇಳಿಜಾರಿನಲ್ಲಿ ಒಂದು ಘನತೆಯಿತ್ತು. ವಸ್ತು ಮೆಲ್ಲಮೆಲ್ಲನೆ ತನ್ನ ಹರಿತವನ್ನೂ ಪದವಿಯನ್ನೂ ಕಳೆದುಕೊಂಡು, ಪ್ರತಿಹಂತದಲ್ಲೂ ಯಾವುದೋ ಒಂದು ಕೈಗೆ ಬೇಕಾಗಿ, ಕಡೆಗೆ ವಿಶ್ರಾಂತಿಗೆ ಸಲ್ಲುತ್ತಿತ್ತು.

ನಾನು ನೌಕರಿಗೆ ಸೇರಿದ ಕಾಲಕ್ಕೆ ದಿನಸಿ ಅಂಗಡಿಗಳ ಬಾಗಿಲಲ್ಲಿ ಪ್ಲಾಸ್ಟಿಕ್ ರೇಜರುಗಳು ತೋರಣದಂತೆ ತೂಗಾಡತೊಡಗಿದ್ದವು. ಅಂಗಡಿಯವರು ಅದನ್ನು ‘ಯೂಸ್ ಅಂಡ್ ಥ್ರೋ’ ಎನ್ನುತ್ತಿದ್ದರು, ಅದೇ ಅದರ ಹೆಸರೆಂಬಂತೆ. ತೂಕವಿಲ್ಲ, ತಿರುಪಿಲ್ಲ, ಬಿಚ್ಚುವ ಕಟ್ಟುವ ಗೋಜಿಲ್ಲ. ಮುಖದ ಮೇಲೆ ಹೇಗೆ ಎಳೆದರೂ ಅದು ಕ್ಷಮಿಸುತ್ತದೆ. ಸೀತಾ ವೃತ್ತದಲ್ಲಿ ಬಸ್ಸು ಹಿಡಿಯಬೇಕಾದವನಿಗೆ ಅದು ವರವೇ ಆಗಿತ್ತು. ಸುಮಾರು ಇಪ್ಪತ್ತೈದು ವರ್ಷ ನಾನು ಅದನ್ನೇ ಬಳಸಿದೆ. ಈಗ ಕುಳಿತು ನೆನೆದರೆ, ಆ ಇಪ್ಪತ್ತೈದು ವರ್ಷಗಳ ಒಂದೇ ಒಂದು ಕ್ಷೌರವೂ ನನ್ನ ನೆನಪಿನಲ್ಲಿ ಇಲ್ಲ. ಎಷ್ಟು ರೇಜರುಗಳನ್ನು ಎಸೆದೆನೋ, ಅವುಗಳ ಬಣ್ಣವೇನಿತ್ತೋ ತಿಳಿಯದು. ಗಮನವನ್ನು ಕೇಳದ ವಸ್ತು ಸ್ಮರಣೆಯನ್ನೂ ಕೇಳಲಿಲ್ಲ. ಉಳಿಸಿದೆನೆಂದುಕೊಂಡ ಆ ಹತ್ತು ಹತ್ತು ನಿಮಿಷಗಳು ಎಲ್ಲಿಗೆ ಹೋದವು ಎಂದು ಕೇಳಿಕೊಂಡರೆ ಅದಕ್ಕೂ ಉತ್ತರವಿಲ್ಲ.

ಹಾಗೆಂದು ಅಣ್ಣನ ರೇಜರನ್ನು ಶಾಶ್ವತದ ಪ್ರತಿನಿಧಿಯೆಂದು ಕೊಂಡಾಡುವುದೂ ಸತ್ಯಕ್ಕೆ ದೂರ. ಎಸೆಯುವುದನ್ನು ಲೋಕಕ್ಕೆ ಕಲಿಸಿದ್ದು ಅದೇ. ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಅಮೆರಿಕದ ಮಾರಾಟಗಾರನಿಗೆ 1895ರಲ್ಲಿ, ತನ್ನ ಮೊಂಡು ಕತ್ತಿಯಿಂದ ಕ್ಷೌರ ಮಾಡಿಕೊಳ್ಳುತ್ತಿದ್ದ ಒಂದು ಬೆಳಿಗ್ಗೆ, ತೆಳು ಉಕ್ಕಿನ ಅಗ್ಗದ ಅಲಗಿನ ಕಲ್ಪನೆ ಹೊಳೆಯಿತು. ಜನ ಒಮ್ಮೆ ಬಳಸಿ ಎಸೆದು ಮತ್ತೆ ಕೊಳ್ಳುವಂಥದ್ದನ್ನು ಕಂಡುಹಿಡಿ ಎಂದು ಅವನಿಗೆ ಸಲಹೆ ಕೊಟ್ಟವನು ಬಾಟಲಿಯ ಬಿರಡೆಯನ್ನು ರೂಪಿಸಿದ ವಿಲಿಯಂ ಪೇಂಟರ್. ಅಷ್ಟು ತೆಳುವಾದ ಉಕ್ಕಿಗೆ ಹರಿತ ಬರಿಸಲಾಗದು ಎಂದು ತಜ್ಞರು ಹೇಳಿದ್ದನ್ನು ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಕಲಿತ ವಿಲಿಯಂ ನಿಕರ್‌ಸನ್ ಸುಳ್ಳುಮಾಡಿದ. ಮಾರಾಟದ ಮೊದಲ ವರ್ಷವಾದ 1903ರಲ್ಲಿ ಹೋದದ್ದು 51 ರೇಜರು, 168 ಬ್ಲೇಡು. ಮರುವರ್ಷ ಪೇಟೆಂಟು ದೊರೆಯಿತು, ರೇಜರುಗಳ ಮಾರಾಟ ತೊಂಬತ್ತು ಸಾವಿರಕ್ಕೇರಿತು. ನನ್ನನ್ನು ಹೆಚ್ಚು ಕಾಡುವುದು ಈ ಯಶಸ್ಸಿಗಿಂತ ಮುಂಚಿನ ಒಂದು ಸಂಗತಿ. ಅದೇ ಮನುಷ್ಯ 1894ರಲ್ಲಿ ‘ದ ಹ್ಯೂಮನ್ ಡ್ರಿಫ್ಟ್’ ಎಂಬ ಪುಸ್ತಕ ಬರೆದಿದ್ದ. ವ್ಯಾಪಾರದ ಪೈಪೋಟಿಯಿಂದ ಮಾನವನ ಶ್ರಮವೆಲ್ಲ ಪೋಲಾಗುತ್ತಿದೆ, ಪೈಪೋಟಿಯಿಲ್ಲದ ಒಂದೇ ಮಹಾನಗರದಲ್ಲಿ ಎಲ್ಲರೂ ಕೂಡಿ ಬಾಳಬೇಕು ಎಂಬ ಕನಸು ಅದರಲ್ಲಿತ್ತು. ಪೋಲಾಗುವುದನ್ನು ಕಂಡು ಮರುಗಿದವನ ಕೈಯಿಂದಲೇ ಎಸೆತದ ಯುಗ ಆರಂಭವಾಯಿತು. ತಾನು ಬಿತ್ತಿದ್ದು ಯಾವ ಮರವಾಗುತ್ತದೆಂದು ಬಿತ್ತುವವನಿಗೆ ತಿಳಿಯುವ ಬಗೆಯಿಲ್ಲ. 1932ರಲ್ಲಿ ಅವನು ತೀರಿಕೊಳ್ಳುವಾಗ ಸಂಪತ್ತಿನ ಬಹುಭಾಗ ಆಗಲೇ ಕರಗಿಹೋಗಿತ್ತು.

ಎಸೆಯಲು ಏನೂ ಇರದಿದ್ದ ಕಾಲವನ್ನು ಕಂಡವರು ನಮ್ಮ ಅಜ್ಜ. ಅವರ ಊರಿನಲ್ಲಿ ಕ್ಷೌರಿಕರು ಆಯಗಾರರಲ್ಲಿ ಒಬ್ಬರು. ವರ್ಷದ ಕೆಲಸಕ್ಕೆ ಸುಗ್ಗಿಯಲ್ಲಿ ಧಾನ್ಯ. ಜಗಲಿಯ ಅಂಚಿನಲ್ಲಿ ಕುಳಿತು, ಚರ್ಮದ ಪಟ್ಟಿಗೆ ಕತ್ತಿಯನ್ನು ಅತ್ತ ಇತ್ತ ಬಳಿದು, ಹದ ನೋಡಿಕೊಂಡು ಗಡ್ಡಕ್ಕೆ ಹಚ್ಚುವರು. ಆ ಕತ್ತಿ ಅವರ ತಂದೆಯದು. ಸಾಣೆ ಹಿಡಿದೂ ಹಿಡಿದೂ ಅಲಗು ಅರ್ಧ ಅಗಲಕ್ಕೆ ಇಳಿದಿತ್ತಂತೆ. ಒಂದು ಊರಿನ ಎರಡು ತಲೆಮಾರಿನ ಗಡ್ಡಗಳು ಆ ಉಕ್ಕನ್ನು ಸವೆಸಿದ್ದವು. ಕೇಶಾಂತ ಎಂಬ ಸಂಸ್ಕಾರವನ್ನು ಗೃಹ್ಯಸೂತ್ರಗಳು ಹೇಳುತ್ತವೆ: ಹದಿನಾರರ ಹರೆಯದಲ್ಲಿ ಹುಡುಗನ ಮೊದಲ ಮುಖಕ್ಷೌರ, ಮಂತ್ರಸಹಿತವಾಗಿ. ನನ್ನ ತಿಳಿವಳಿಕೆಯಲ್ಲಿ ನಮ್ಮ ಮನೆತನದಲ್ಲಿ ಅದನ್ನು ಯಾರೂ ಆಚರಿಸಿದ್ದಿಲ್ಲ. ಆದರೂ ಮೊದಲ ಕ್ಷೌರ ಮತ್ತೊಬ್ಬ ಹಿರಿಯನ ಕೈಯಿಂದಲೇ ಆಗುತ್ತಿತ್ತು. ಅಣ್ಣ ಬೆಂಗಳೂರಿನಿಂದ ರೇಜರು ಕೊಂಡು ಊರಿಗೆ ಹೋದಾಗ ಅಜ್ಜ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ‘ತನ್ನ ಕುತ್ತಿಗೆಗೆ ತಾನೇ ಕತ್ತಿ ಹಿಡಿಯೋ ಕಾಲ ಬಂತೇನಪ್ಪ’ ಎಂದು ನೊಂದುಕೊಂಡರಂತೆ. ಅಂದರೆ ನಾನು ಇಂದು ಹಳತೆಂದು ಎದೆಗೊತ್ತಿಕೊಳ್ಳುವ ವಸ್ತುವಿನಲ್ಲಿಯೇ ಅವರು ಒಂದು ಸಂಬಂಧದ ಕೊನೆಯನ್ನು ಕಂಡಿದ್ದರು. ಆದರೆ ಆ ಸಂಬಂಧವೂ ನಿರ್ಮಲವಾಗಿರಲಿಲ್ಲ ಎಂಬುದನ್ನು ಮರೆಯಲಾರೆ. ಊರೆಲ್ಲ ತನ್ನ ಕಂಠವನ್ನು ನಂಬಿ ಒಪ್ಪಿಸುತ್ತಿದ್ದ ಆ ಕೈಗೆ ಊರು ಗೌರವ ಕೊಡಲಿಲ್ಲ. ಬೆಳಿಗ್ಗೆ ಎದುರಾದರೆ ಅಪಶಕುನ ಎಂದಿತು, ವೃತ್ತಿಯ ಹೆಸರನ್ನೇ ಬೈಗುಳವಾಗಿಸಿತು. ಇದನ್ನು ನೆನೆದರೆ ಕೆಲವು ನಷ್ಟಗಳಿಗೆ ದುಃಖಿಸುವ ಅಧಿಕಾರ ನಮಗಿದೆಯೇ ಎಂಬ ಸಂಕೋಚ ಹುಟ್ಟುತ್ತದೆ. ಇಂದು ನಮ್ಮ ರಸ್ತೆಯ ಕ್ಷೌರದಂಗಡಿಯಲ್ಲಿಯೂ ಸಾಣೆಯ ಕತ್ತಿಯಿಲ್ಲ. ಮೇಣದ ಕಾಗದದೊಳಗೇ ಹೊಸ ಬ್ಲೇಡನ್ನು ಚಟ್ಟನೆ ಎರಡಾಗಿ ಮುರಿದು, ಒಂದು ಅರ್ಧವನ್ನು ಹಿಡಿಗೆ ಸಿಕ್ಕಿಸುತ್ತಾರೆ. ಇನ್ನೊಂದು ಅರ್ಧ ಮುಂದಿನವರಿಗೆ.

ಕ್ಷುರದ ಅಂಚು ಎಷ್ಟು ದುರ್ಗಮವೆಂದು ಕಠೋಪನಿಷತ್ತಿನ ಕಾಲಕ್ಕೇ ಗೊತ್ತಿತ್ತು. ಆತ್ಮಜ್ಞಾನದ ದಾರಿಗೆ ಅದು ಈ ಹೋಲಿಕೆಯನ್ನೇ ಆರಿಸಿಕೊಂಡಿತು. ಆದರೆ ಆ ಅಂಚು ಎಷ್ಟು ದುರ್ಬಲವೆಂದು ತಿಳಿದದ್ದು ಇತ್ತೀಚೆಗೆ. ಕೂದಲು ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೃದು. ಆದರೂ ಗೆಲ್ಲುವುದು ಕೂದಲೇ. ನಿಕರ್‌ಸನ್ ಕಲಿತ ಅದೇ ಸಂಸ್ಥೆಯ ಸಂಶೋಧಕರು 2020ರಲ್ಲಿ ಇದರ ಕಾರಣವನ್ನು ಸೂಕ್ಷ್ಮದರ್ಶಕದಡಿ ಕಂಡರು. ಅಲಗು ನಿಧಾನವಾಗಿ ಸವೆಯುತ್ತದೆ ಎಂದು ನಾವು ಊಹಿಸಿಕೊಂಡಿದ್ದೆವು. ನಿಜವಾಗಿ ಅಂಚಿನಿಂದ ಕಣ್ಣಿಗೆ ಕಾಣದ ಚೂರುಗಳು ಸಿಡಿದುಹೋಗುತ್ತವೆ. ಉಕ್ಕಿನ ರಚನೆ ಎಲ್ಲ ಕಡೆಯೂ ಒಂದೇ ಸಮ ಇರುವುದಿಲ್ಲ. ಬಾಗಿದ ಕೂದಲು ಓರೆಯಾಗಿ ಬಂದು, ಅಂಚಿನ ಅಂಥ ಒಂದು ಬಲಹೀನ ಎಡೆಗೆ ತಾಗಿದಾಗ ಬಿರುಕು ಮೂಡಿ ಚೂರು ಹಾರುತ್ತದೆ. ಇದನ್ನು ಓದಿದ ದಿನ ಅಣ್ಣನ ಮುಖ ಕಣ್ಣಮುಂದೆ ಬಂತು. ಕಠಿಣವಾದ ಮನುಷ್ಯ ಎಂದು ಎಲ್ಲರೂ ಹೇಳುತ್ತಿದ್ದರು. ಯಾವುದೋ ದೊಡ್ಡ ಪೆಟ್ಟಿಗೆ ಅವರು ಕುಗ್ಗಿದ್ದನ್ನು ನಾನು ಕಾಣೆ. ಅಮ್ಮ ಹೋದ ಮೇಲೆ ಎರಡು ಲೋಟಗಳಿಗೆ ಬದಲು ಒಂದೇ ಲೋಟ ಕಾಫಿ ಇಳಿಸಬೇಕಾದ ಬೆಳಗುಗಳು, ಪಕ್ಕದ ಮನೆಯ ಗೆಳೆಯರ ಬಾಗಿಲಿಗೆ ಬಿದ್ದ ಬೀಗ, ವಿವೇಕಾನಂದ ಪಾರ್ಕಿನ ಬೆಂಚಿನಲ್ಲಿ ಒಂದೊಂದಾಗಿ ಖಾಲಿಯಾದ ಜಾಗಗಳು, ಇಂಥ ಮೃದುವಾದ ಸಂಗತಿಗಳೇ ಅವರನ್ನು ಚೂರುಚೂರಾಗಿ ಒಯ್ದವು.

ಕಡೆಯ ವರ್ಷ ಅವರ ಕೈ ನಡುಗತೊಡಗಿತು. ಒಂದು ಬೆಳಿಗ್ಗೆ ಗದ್ದದಿಂದ ರಕ್ತ ಇಳಿಯುತ್ತಿದ್ದರೂ ಅರಿವಿಲ್ಲದೆ ಕನ್ನಡಿಯ ಮುಂದೆ ನಿಂತಿದ್ದರು. ಅಂದಿನಿಂದ ಕ್ಷೌರದ ಕೆಲಸ ನನ್ನದಾಯಿತು. ಆಸ್ಪತ್ರೆಯ ಹಾಸಿಗೆಯ ಮೇಲೆ ಕೂಡ ನಾನೇ ಮಾಡಿದೆ, ಔಷಧದಂಗಡಿಯಲ್ಲಿ ಕೊಂಡ ಪ್ಲಾಸ್ಟಿಕ್ ರೇಜರಿನಿಂದ. ಇಲ್ಲಿ ನಾನು ಅದಕ್ಕೆ ನ್ಯಾಯ ಸಲ್ಲಿಸಬೇಕು. ಸುಕ್ಕುಗಟ್ಟಿ ಕಾಗದದಂತಾದ ಆ ಚರ್ಮದ ಮೇಲೆ, ಅಭ್ಯಾಸವಿಲ್ಲದ ನನ್ನ ಕೈಯಲ್ಲಿ, ಹಳೆಯ ರೇಜರು ಅಪಾಯವಾಗುತ್ತಿತ್ತು. ಅದರ ತೂಕ, ತೆರೆದ ಅಂಚು, ಓರೆಯ ಕಟ್ಟುನಿಟ್ಟು ಯಾವುದೂ ರೋಗಿಗೆ ಹೇಳಿದ್ದಲ್ಲ. ಆ ಹಗುರ ಪ್ಲಾಸ್ಟಿಕ್ ತುಂಡು ಒಂದು ಗೀರೂ ಮಾಡದೆ ತನ್ನ ಕೆಲಸ ಮುಗಿಸಿತು. ಕಣ್ಣು ಮುಚ್ಚಿಕೊಂಡೇ ಅಣ್ಣ ಕೆಳತುಟಿಯನ್ನು ಒಳಗೆಳೆದುಕೊಂಡು ಗದ್ದವನ್ನು ಬಿಗಿ ಮಾಡಿಕೊಟ್ಟರು, ಅರುವತ್ತು ವರ್ಷದ ಅಭ್ಯಾಸ. ಮೊದಲು ಹೇಳಿದ ಮಾತನ್ನು ಇಲ್ಲಿ ತಿದ್ದಬೇಕು: ಪ್ಲಾಸ್ಟಿಕ್ ರೇಜರಿನ ಒಂದು ಕ್ಷೌರ ನನ್ನ ನೆನಪಿನಲ್ಲಿದೆ. ಅದು ನನ್ನ ಮುಖದ್ದಲ್ಲ.

ಸೂತಕ ಕಳೆದ ಮೇಲೆ ಗೂಡನ್ನು ಒರೆಸುವಾಗ ಪೌಡರ್ ಡಬ್ಬಿ ಕೈಗೆ ಸಿಕ್ಕಿತು. ಎತ್ತಿದರೆ ಎಣಿಸಿದ್ದಕ್ಕಿಂತ ಭಾರ. ಒಳಗಿನ ಬ್ಲೇಡುಗಳು ತುಕ್ಕುಹಿಡಿದು ಒಂದಕ್ಕೊಂದು ಬೆಸೆದು ಕಂದುಬಣ್ಣದ ಮುದ್ದೆಯಾಗಿದ್ದವು. ಅಮೆರಿಕದ ಹಳೆಯ ಮನೆಗಳಲ್ಲಿ ಸ್ನಾನಗೃಹದ ಗೋಡೆಗೇ ಒಂದು ಸೀಳು ಬಿಡುತ್ತಿದ್ದರು. ಬಳಸಿದ ಬ್ಲೇಡುಗಳು ಗೋಡೆಯ ಟೊಳ್ಳಿಗೆ ಬಿದ್ದು ಅಲ್ಲೇ ಉಳಿಯುತ್ತಿದ್ದವು. ಈಗ ಆ ಮನೆಗಳನ್ನು ಕೆಡವುವವರ ಮುಂದೆ, ಎಂದೋ ಸತ್ತವರ ಬ್ಲೇಡುಗಳು ರಾಶಿಯಾಗಿ ಸುರಿಯುತ್ತವೆ. ಕಣ್ಣಿಂದ ಮರೆಯಾದದ್ದು ಇಲ್ಲವಾಯಿತೆಂದು ನಂಬುವುದು ಎಲ್ಲ ದೇಶದವರ ಸ್ವಭಾವ. ಡಬ್ಬಿಯನ್ನು ಹಿಡಿದು ಅಂದು ಒಂದು ಲೆಕ್ಕ ಹಾಕಿದೆ. ಅರುವತ್ತು ವರ್ಷ ದಿನ ಬಿಟ್ಟು ದಿನ ಎಂದರೆ ಸುಮಾರು 11,000 ಕ್ಷೌರ. ಬ್ಲೇಡಿಗೆ ಐದು ಎಂದರೆ 2,200 ಬ್ಲೇಡು. ಒಂದು ಬ್ಲೇಡಿನ ದಪ್ಪ 0.1 ಮಿಲಿಮೀಟರ್, ಅಷ್ಟನ್ನೂ ಒಂದರ ಮೇಲೊಂದು ಪೇರಿಸಿದರೆ 22 ಸೆಂಟಿಮೀಟರ್. ಒಂದು ಗೇಣು. ಒಬ್ಬ ಮನುಷ್ಯನ ಆಯುಸ್ಸಿನ ಗಡ್ಡಕ್ಕೆ ಒಂದು ಗೇಣು ಉಕ್ಕು. ಅಷ್ಟೇ ಕ್ಷೌರಗಳಿಗೆ ಪ್ಲಾಸ್ಟಿಕ್ ರೇಜರಾದರೆ 2,200 ಹಿಡಿಗಳು. ತುದಿಗೆ ತುದಿ ಜೋಡಿಸಿದರೆ 240 ಮೀಟರ್, ನಮ್ಮ ಬಾಗಿಲಿಂದ ರಸ್ತೆಯ ತಿರುವನ್ನೂ ದಾಟುತ್ತದೆ. 1975ರಲ್ಲಿ ಬಿಕ್ ಕಂಪನಿ ಹಿಡಿಯನ್ನೂ ಅಲಗನ್ನೂ ಒಂದೇ ಮಾಡಿ ಮಾರಲು ತೊಡಗಿದಾಗ ಆದ ಬದಲಾವಣೆ ಇದೇ. ಅದುವರೆಗೆ ನಶಿಸುವುದಕ್ಕೂ ಉಳಿಯುವುದಕ್ಕೂ ನಡುವೆ ಒಂದು ತಿರುಪು ಇತ್ತು. ಬಿಚ್ಚಿ ಬೇರೆ ಮಾಡಬಹುದಿತ್ತು. ಈಗ ಅಂಚು ಮೊಂಡಾಯಿತೆಂದು, ಇನ್ನೂ ನೂರು ವರ್ಷ ಬಾಳುವ ಹಿಡಿಯನ್ನೂ ಎಸೆಯಬೇಕು. ಪ್ಲಾಸ್ಟಿಕ್ಕಿನೊಳಗೆ ಹುದುಗಿದ ಆ ಉಕ್ಕನ್ನು ಬೇರ್ಪಡಿಸುವುದು ಗುಜರಿಯವರಿಗೂ ದಕ್ಕದ ಕೆಲಸ.

ನಾನು ಮತ್ತೆ ಅಣ್ಣನ ರೇಜರಿಗೆ ಬಂದು ಕೆಲವು ವರ್ಷಗಳಾದವು. ಮೊದಲ ತಿಂಗಳು ದಿನಾ ಗಾಯ. ಈಗ ಓರೆ ಸಿಕ್ಕಿದೆ, ಅವರದ್ದಲ್ಲದ ನನ್ನದೇ ಓರೆ. ಎರಡರಲ್ಲಿ ಯಾವುದು ಮೇಲು ಎಂದು ಯಾರಾದರೂ ಕೇಳಿದರೆ, ಆರೋಗ್ಯವಂತನ ನಿತ್ಯಕ್ಕೆ ಹಳೆಯದೇ ಮೇಲು ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ರೋಗಿಗೆ, ನಡುಗುವ ಕೈಗೆ, ಪ್ರಯಾಣಕ್ಕೆ ಹೊಸದು ಇರಲಿ. ಆದರೆ ಎರಡಕ್ಕೂ ಸಲ್ಲುವ ಒಂದು ಮಾತು ಉಳಿದಿದೆ, ಅದನ್ನು ನನಗೆ ತಿಳಿಸಿದ್ದು ಅಣ್ಣನೂ ಅಲ್ಲ, ಪುಸ್ತಕವೂ ಅಲ್ಲ.

ಈ ನಗರ ತನ್ನ ಕಸವನ್ನು ಬಹುಕಾಲ ಮಾವಳ್ಳಿಪುರ, ಮಂಡೂರುಗಳ ಜನರ ಮನೆಬಾಗಿಲಿಗೆ ಸುರಿಯಿತು. ಅವರು ಸಿಡಿದೆದ್ದ ಮೇಲೆ, 2012ರಿಂದ, ಮನೆಯಲ್ಲೇ ಕಸ ವಿಂಗಡಿಸಬೇಕೆಂಬ ನಿಯಮ ಬಂತು. 2015ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ಎರಡು ಬುಟ್ಟಿ, ಒಂದು ಚೀಲದ ಕ್ರಮವನ್ನು ಕಡ್ಡಾಯ ಮಾಡಿತು. ಕಾಗದದಲ್ಲಿ ನಿಯಮವಿದ್ದರೂ ಮಿಶ್ರಕಸ ನಿಂತಿಲ್ಲ. ಒಂದು ಬೆಳಿಗ್ಗೆ ಗಾಡಿಯ ಹತ್ತಿರ ಬಕೆಟ್ಟು ಒಯ್ದಾಗ, ಕಸ ತೆಗೆದುಕೊಳ್ಳುವ ಹೆಣ್ಣುಮಗಳು ಕೈ ಹಾಕುವ ಮುನ್ನ, ‘ಬ್ಲೇಡು ಗೀಡು ಇಲ್ಲ ತಾನೇ ಸಾರ್?’ ಎಂದು ಕೇಳಿದರು. ಅವರ ಬಲಗೈಯ ತೋರುಬೆರಳಿನ ಉದ್ದಕ್ಕೂ ಬಿಳಿಯ ಗೆರೆಯೊಂದಿತ್ತು. ಅದು ಯಾರ ಮನೆಯ ಬ್ಲೇಡಿನ ಗಾಯವೆಂದು ಅವರಿಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಇಪ್ಪತ್ತೈದು ವರ್ಷ ನಾನು ಯೋಚಿಸದೆ ಎಸೆದ ರೇಜರುಗಳೆಲ್ಲ ಅಂದು ನೆನಪಿಗೆ ಬಂದವು. ಗಡ್ಡಕ್ಕೆ ಮೊಂಡಾದ ಅಂಚು ಬೆರಳಿಗೆ ಮೊಂಡಾಗಿರುವುದಿಲ್ಲ. ನಮ್ಮ ಕೈಯಿಂದ ಬಿದ್ದದ್ದು ಮತ್ತೊಂದು ಕೈಗೆ ಸಿಗದೆ ಈ ಊರಿನಲ್ಲಿ ಎಲ್ಲಿಗೂ ಹೋಗುವುದಿಲ್ಲ.

ಅಣ್ಣನ ಡಬ್ಬಿಯ ಪಕ್ಕ ಈಗ ಇನ್ನೊಂದು ಡಬ್ಬಿಯಿಟ್ಟಿದ್ದೇನೆ, ಮುಚ್ಚಳಕ್ಕೆ ಒಂದು ಸೀಳು ಮಾಡಿ. ನಿಮ್ಮ ಮನೆಯಲ್ಲೂ ಒಂದಿರಲಿ. ತುಂಬಿದಾಗ ಸೀಳಿಗೆ ಗಟ್ಟಿಯಾಗಿ ಅಂಟುಕಾಗದ ಹಚ್ಚಿ, ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ. ಪ್ಲಾಸ್ಟಿಕ್ ರೇಜರಾದರೆ ಅದರ ತಲೆಯನ್ನೂ ಹಾಗೆಯೇ ಸುತ್ತಿ. ಬುಟ್ಟಿಯೊಳಗೆ ಹಾಕದೆ, ಬೆಳಿಗ್ಗೆ ಗಾಡಿ ಬಂದಾಗ ‘ಇದರಲ್ಲಿ ಬ್ಲೇಡಿದೆ, ಅಮ್ಮ’ ಎಂದು ಹೇಳಿ ಅವರ ಕೈಗೆ ಕೊಡಿ.